ಮೂರು ಮಿನಿಟಿನ ಮಾವಶಿ

ನಮ್ಮ ನವನಗರದ ಓಣಿಯಲ್ಲಿ ಯಾರಿಗೆ ಏನು ದುಃಖವಾದರೂ ಮೊದಲ ಮೂರು ಮಿನಿಟು ಪುಕ್ಕಟೆ. ಓಣಿಗೆಲ್ಲ ಚಿಕ್ಕವ್ವನಂತಿದ್ದ ಎದುರುಮನೆಯ ಮಾವಶಿಯ ಮುಂದೆ ಹೋಗಿ ಕೂತು ಸೊಸೆಯ ಮೇಲಿನ ಸಿಟ್ಟು, ಮೊಣಕಾಲಿನ ನೋವು, ಫೇಲಾದ ಮಗ, ಹಾಲಿಗೆ ನೀರು ಬೆರೆಸುವ ಗೌಳಿ, ಏನು ಬೇಕಾದರೂ ಹೇಳಿಕೊಳ್ಳಬಹುದಿತ್ತು. ಅವರು ಕಣ್ಣು ಮುಚ್ಚಿ, ಎಡಗಿವಿಯನ್ನು ತುಸು ಮುಂದಕ್ಕೆ ಚಾಚಿ, ನಡುವೆ ಒಂದು 'ಹೂಂ' ಕೂಡ ಅನ್ನದೆ ಕೇಳುವರು. ಆಮೇಲೆ ಗಡಿಯಾರ ನೋಡದೆಯೇ, ಮೂಗಿನಿಂದ ಬರುವ ಒಂದು ಸರ್ಕಾರಿ ದನಿಯಲ್ಲಿ ಹೇಳುವರು: "ಮೂರು ಮಿನಿಟ್ ಆತ್ರಿ. ಎಕ್ಸ್‌ಟೆಂಡ್ ಮಾಡ್ಲೇನ್ರಿ?"

ಹೊಸಬರು ಗಾಬರಿಯಾಗಿ ಎದ್ದೇ ಬಿಡುತ್ತಿದ್ದರು. ಗೊತ್ತಿದ್ದವರು "ಮಾಡ್ರಿ" ಅನ್ನುತ್ತಿದ್ದರು. 'ಮಾಡ್ರಿ' ಅಂದಿರೋ, ಮುಗೀತು. ಚಹಾ ಬರುತ್ತಿತ್ತು, ಒಗ್ಗರಣೆ ಹಾಕಿದ ಚುರುಮರಿ ಬರುತ್ತಿತ್ತು, ದೀಪ ಹಚ್ಚುವ ಹೊತ್ತಿನ ತನಕ ಅವರ ಕಿವಿ ನಿಮ್ಮದು. ಅವರು ತೀರಿಕೊಂಡು ಒಂದು ಶ್ರಾವಣ ಕಳೆಯಿತು. ಓಣಿಯ ಹೆಂಗಸರು ಕಟ್ಟೆಯ ಮೇಲೆ ಮಾತಿಗೆ ಕೂತಾಗ ಈಗಲೂ ಒಂದು ಘಳಿಗೆ ತಡೆದು ಸುಮ್ಮನಾಗುತ್ತೇವೆ. ಯಾರೋ ನಡುವೆ ಬಾಯಿ ಹಾಕಬೇಕಿತ್ತಲ್ಲ, ಹಾಕಲಿಲ್ಲವಲ್ಲ ಅಂತ.

ಮಾವಶಿ ಹುಬ್ಬಳ್ಳಿಯ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಈಗಿನ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಒಂದು ಕಾಲಕ್ಕೆ ಪರವೂರಿಗೆ ಫೋನ್ ಮಾಡಬೇಕೆಂದರೆ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ನಡುವೆ ಕೂತ ಒಬ್ಬಾಕೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬೋರ್ಡಿನ ತೂತಿಗೆ ವಾಯರ್ ಚುಚ್ಚಿ, ಈ ಊರನ್ನು ಆ ಊರಿಗೆ ಜೋಡಿಸುತ್ತಿದ್ದಳು. ಮೂರು ಮಿನಿಟಾದ ಕೂಡಲೇ ಮುಂದುವರಿಸಲೋ ಕತ್ತರಿಸಲೋ ಎಂದು ಕೇಳುತ್ತಿದ್ದಳು. ಹತ್ತಿಯ ದರ, ಹೆರಿಗೆಯ ಸುದ್ದಿ, ಸಾವಿನ ಸುದ್ದಿ, ಗುಟ್ಟಿನ ಮದುವೆ, ಎಲ್ಲ ಮಾವಶಿಯ ಕಿವಿಯೊಳಗಿಂದಲೇ ದಾಟಿ ಹೋಗಿದ್ದವು. "ಅರ್ಧಾ ಜಿಲ್ಲಾದ ಗುಟ್ಟು ಇದರಾಗ ಐತಿ ನೋಡವಾ," ಎಂದು ಕಿವಿ ಮುಟ್ಟಿ ತೋರಿಸುವರು. "ಅದಕ್ಕಽ ಗುಗ್ಗಿ ಭಾಳ."

ತೊಂಬತ್ತರ ದಶಕದಲ್ಲಿ ಓಣಿಓಣಿಗೂ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ನಮ್ಮ ಬಸ್ ಸ್ಟಾಪಿನ ಎದುರು ಮಕಬೂಲ ಒಂದು ಹಾಕಿದ. ಜನ ತಾವೇ ನಂಬರು ಒತ್ತಿ ಮಾತಾಡಲು ಕಲಿತರು, ಎಕ್ಸ್‌ಚೇಂಜಿನ ಬೋರ್ಡು ದಿನದಿನಕ್ಕೆ ಮೂಕವಾಗುತ್ತ ಬಂತು. ಮಾವಶಿ ಡ್ಯೂಟಿ ಮುಗಿಸಿ ಬಸ್ಸಿಳಿದವರೇ ಮೊದಲು ಮಕಬೂಲನ ಬೂತಿನ ಬಾಗಿಲಿಗೆ ನಿಂತು ಬಯ್ದು, ಆಮೇಲೆ ಮನೆಗೆ ಬರುವರು.

"ಏನೋ ಮಕಬೂಲಾ, ನನ್ನ ಅನ್ನಾ ಕಸಗೊಂಡು ಹೊಟ್ಟಿ ಬೆಳಸೀಯಲ್ಲೋ!"

"ಇದು ನಿಮ್ಮ ಅನ್ನದ ಹೊಟ್ಟಿ ಅಲ್ರೀ ಮಾವಶಿ. ನಮ್ಮಾಕಿ ಬಿರಿಯಾನಿ ಹೊಟ್ಟಿ."

"ಅಂದ್ರ ನನ್ನ ಅನ್ನಕ್ಕಽ ಮಸಾಲಿ ಹಾಕಿದ್ದೀ ಅಂದಂಗಾತು!"

ಕಡೆಗೆ ಕೈಕೈಗೆ ಮೊಬೈಲ್ ಬಂದು ಮಕಬೂಲನ ಬೂತೂ ಸತ್ತಿತು. ಅವನು ಹಳದಿ ಬೋರ್ಡು ಇಳಿಸಿದ ದಿನ ಮಾವಶಿ ಏನು ಮಾಡಿದರು ಅಂತೀರಿ? ನಮ್ಮ ಕಡೆ ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರು ಬುತ್ತಿ ಒಯ್ಯಬೇಕು, ಮಾತಾಡಿಸಿ ಬರಬೇಕು. ಮಾವಶಿ ಬುಟ್ಟಿ ತುಂಬ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ಮಕಬೂಲನ ಬೂತಿಗೆ ಹೋದರು. ಇಳಿಸಿಟ್ಟ ಬೋರ್ಡಿನ ಮುಂದೆ ಕೂತರು. "ಹೆಂಗಾತಪಾ? ಕಡೀಕ ಭಾಳ ನರಳತೇನು?" ಎಂದು ಕೇಳಿದರು. ಮಕಬೂಲನಿಗೆ ಮೊದಲು ಅಳು ಬಂತು, ಆಮೇಲೆ ನಗು ಬಂತು, ಕಡೆಗೆ ಹಸಿವು ಬಂತು. ಅದೇ ಜಾಗದಲ್ಲಿ ಅವನು ಪ್ಲೈವುಡ್ಡಿನ ಗೂಡು ಮಾಡಿ ಕಂಪ್ಯೂಟರ್ ಇಟ್ಟು ಸೈಬರ್ ಕೆಫೆ ತೆರೆದಾಗ ಮೊದಲ ತೆಂಗಿನಕಾಯಿ ಒಡೆದವರೂ ಮಾವಶಿಯೇ.

ಇನ್ನು ಬಾಂಬೆಯ ಸಂಗತಿ.

ಆಪರೇಟರುಗಳಿಗೆ ಹೆಸರು ಇರುತ್ತಿರಲಿಲ್ಲ. ಲೈನಿನ ಆ ತುದಿಯವರನ್ನು ಊರಿನ ಹೆಸರಿನಿಂದಲೇ ಕರೆಯುವುದು ಅವರ ರೂಢಿ. "ಹಲೋ ಬಾಂಬೆ." "ಹೇಳು ಹುಬ್ಳಿ." ಅಷ್ಟೇ. ಹೀಗೆ ಮಾವಶಿಗೆ ಒಬ್ಬ ಬಾಂಬೆ ಇದ್ದಳು. ಲೈನು ಖಾಲಿ ಇದ್ದಾಗ ಇಬ್ಬರೂ ಮರಾಠಿ, ಹಿಂದಿ, ಚೂರುಪಾರು ಕನ್ನಡ ಕಲಸಿ ಮಾತಾಡುವರು. ಬಾಂಬೆಯ ಮಗನಿಗೆ ನಾಯಿಕೆಮ್ಮು ಬಂದಾಗ ಔಷಧ ಹೇಳಿದ್ದು ಹುಬ್ಬಳ್ಳಿ. ಮಾವಶಿಯ ಯಜಮಾನರು ತೀರಿಕೊಂಡ ಮೇಲೆ ಅವರು ಡ್ಯೂಟಿಗೆ ತಿರುಗಿ ಬಂದ ದಿನ, ಒಂದು ಮಾತೂ ಆಡದೆ ಲೈನು ಹಿಡಿದುಕೊಂಡು ಜೊತೆಗೆ ಕೂತದ್ದು ಬಾಂಬೆ. ಬಾಂಬೆ ದಿನಾ ಸಂಜೆ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಚವಳಿಕಾಯಿ ಮುರಿಯುತ್ತ ಮನೆಗೆ ಹೋಗುತ್ತಾಳೆ, ಅತ್ತೆಗೆ ಹೆದರುವುದಿಲ್ಲ, ಜಿರಳೆಗೆ ಹೆದರುತ್ತಾಳೆ, ಎಲ್ಲ ಗೊತ್ತಿತ್ತು. ಮುಖ ನೋಡಿರಲಿಲ್ಲ. ಹೆಸರು ಕೇಳಿರಲಿಲ್ಲ.

"ಅಲ್ರೀ, ಇಷ್ಟು ವರ್ಷದಾಗ ಒಮ್ಮೆರ ಕೇಳಬಾರದೇನ್ರಿ?" ಎಂದು ನಾನು ಅಂದದ್ದಕ್ಕೆ ಮಾವಶಿ ಹೇಳಿದ್ದು: "ಮೊದಲನೇ ವರ್ಷ ಕೇಳೂದು ರೂಢಿ ಇರಲಿಲ್ಲ. ಆಮ್ಯಾಲೆ ಕೇಳಿದ್ರ, ಇಷ್ಟು ದಿನಾ ಹೆಸರು ಗೊತ್ತಿಲ್ಲದಽ ಮಾತಾಡಿದ್ಯಾ ಅಂತ ಆಕಿ ಅಂದಾಳಂತ ಅಂಜಿಕಿ!"

ಇಬ್ಬರ ನಡುವೆ ಒಂದು ಹಲ್ಲಿಯೂ ಇತ್ತು. ಹುಬ್ಬಳ್ಳಿ ಬೋರ್ಡಿನ ಹಿಂದಿನ ಗೋಡೆಯಲ್ಲಿ ಅದರ ವಾಸ. ಮಾತಿನ ನಡುವೆ ಲೊಚಲೊಚ ಅಂದರೆ ಹೆಡ್‌ಫೋನಿನಲ್ಲಿ ಬಾಂಬೆಗೂ ಕೇಳಿಸುವುದು. ಹಲ್ಲಿ ನುಡಿದರೆ ಆಡಿದ ಮಾತು ಖರೇ ಆಗುತ್ತದೆ ಎಂದು ನಾವು ನಂಬುವವರಲ್ಲವೇ? ಬಾಂಬೆಯೂ ನಂಬಿದಳು. ಮಗನ ಪರೀಕ್ಷೆ, ತನ್ನ ಬಡ್ತಿ, ಬೆಲೆ ಇಳಿಯುವ ಉಳ್ಳಾಗಡ್ಡಿ, ಎಲ್ಲ ಹೇಳಿ "ಏನಂತೈತಿ ನಿನ್ನ ಹಲ್ಲಿ?" ಎಂದು ಕೇಳುವಳು.

ಮಾವಶಿ ನಿವೃತ್ತರಾದ ದಿನ ಲೈನಿನ ಮೇಲೆ ಬೀಳ್ಕೊಡುಗೆ. "ನಾವು ಮತ್ತ ಮಾತಾಡೂಣಂತ ಹುಬ್ಳಿ, ನನ್ನ ಮನಿ ನಂಬರ್ ಬರಕೋ" ಎಂದು ಬಾಂಬೆ ಹೇಳುತ್ತಿದ್ದಳಂತೆ. ಅಷ್ಟರಲ್ಲಿ ಯಾರದೋ ತಂದೆಗೆ ಸೀರಿಯಸ್ಸೆಂದು ಅರ್ಜೆಂಟ್ ಕಾಲ್ ಬಂತು. ಅರ್ಜೆಂಟ್ ಬಂದರೆ ತಮ್ಮ ಮಾತು ಬಿಡಬೇಕು. ಮಾವಶಿ ವಾಯರ್ ಕಿತ್ತು ಅವರಿಗೆ ಕೊಟ್ಟರು. ಆಮೇಲೆ ಬಾಂಬೆಯ ಡ್ಯೂಟಿ ಮುಗಿದಿತ್ತು, ಮಾವಶಿಯ ನೌಕರಿಯೇ ಮುಗಿದಿತ್ತು. "ಹಲ್ಲೀನೂ ಸುಮ್ಮನಿತ್ತವಾ ಅವತ್ತು," ಎನ್ನುವರು. ಅದೊಂದು ಮುಳ್ಳು ಅವರಲ್ಲಿ ಉಳಿದಿತ್ತು.

ಅದಾಗಿ ಕೆಲವು ವರ್ಷಕ್ಕೆ, ಎರಡು ಸಾವಿರದ ಆರರ ಆಷಾಢದಲ್ಲಿ ಒಂದು ಸಂಜೆ ನಾನು ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದೆ. ಮಾವಶಿ ಚಪ್ಪಲಿ ಇಲ್ಲದೆ ರಸ್ತೆ ದಾಟಿ ಬಂದರು. ಟಿವಿ ಹಚ್ಚೆಂದರು. ಮುಂಬಯಿಯ ಲೋಕಲ್ ರೈಲುಗಳಲ್ಲಿ ಬಾಂಬು ಸಿಡಿದಿದ್ದವು. ಮನೆಗೆ ಮರಳುವ ಹೊತ್ತು. ಸೀಳಿದ ಡಬ್ಬಿ, ಹಳಿಯ ಮೇಲೆ ಚಪ್ಪಲಿ, ಚೀಲ, ಊಟದ ಡಬ್ಬ. ಮಾವಶಿ ಟಿವಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು. ಮುಖ ಹುಡುಕುತ್ತಿದ್ದಾರೆ ಅಂದುಕೊಂಡೆ. ಮುಖ ಎಲ್ಲಿ ಗೊತ್ತಿತ್ತು ಅವರಿಗೆ? ದನಿ ಹುಡುಕುತ್ತಿದ್ದರು.

"ಬಾಂಬೆ ಇದರಾಗಽ ಹೋಗತಾಳವಾ," ಅಂದರು. "ಇದಽ ಹೊತ್ತಿಗೆ."

ನಾನು, ಅವರೀಗ ರಿಟೈರ್ ಆಗಿರಬೇಕು, ಮನೆಯಲ್ಲೇ ಇದ್ದಾರು ಎಂದೆಲ್ಲ ಹೇಳಿದೆ. ಕೇಳಲಿಲ್ಲ. ಮುಂಬಯಿಗೆ ಯಾವ ಫೋನೂ ಹತ್ತುತ್ತಿರಲಿಲ್ಲ, ಹತ್ತಿದರೂ ಯಾವ ನಂಬರಿಗೆ ಮಾಡುವುದು? ಅಷ್ಟರಲ್ಲಿ ನನ್ನ ಮಗಳು ಶಿಲ್ಪಾ, ಆಗ ಕಾಲೇಜಿನಲ್ಲಿದ್ದಳು, ಕೆಫೆಗೆ ಹೊರಟಿದ್ದಳು. "ಇಂಟರ್ನೆಟ್ಟಿನಾಗ ಎಲ್ಲಾರೂ ತಮ್ಮವರನ್ನ ಹುಡಕಾಕತ್ತಾರ, ಮಾವಶಿ ಅಜ್ಜಿ," ಎಂದಳು. ಅಷ್ಟು ಸಾಕಾಯಿತು. ನಾನು ಗ್ಯಾಸ್ ಆರಿಸಿ, ಮಾವಶಿಯ ಚಪ್ಪಲಿ ಕೈಯಲ್ಲಿ ಹಿಡಿದು ಅವರಿಬ್ಬರ ಹಿಂದೆ ಓಡಿದೆ.

ಆಗ ಹುಡುಗರೆಲ್ಲ ಮುಗಿಬಿದ್ದ ಒಂದು ತಾಣವಿತ್ತು. ಪ್ರತಿಯೊಬ್ಬರಿಗೂ ಅಲ್ಲೊಂದು ಪುಟ, ಪುಟಕ್ಕೊಂದು ಫೋಟೋ. ಯಾರು ಬೇಕಾದರೂ ಬಂದು ಎರಡು ಸಾಲಿನ ಚೀಟಿ ಬರೆದು ಹೋಗಬಹುದು. ಆ ಚೀಟಿಗೆ ಸ್ಕ್ರ್ಯಾಪ್ ಎನ್ನುತ್ತಿದ್ದರು. ಮಾವಶಿಗೆ ಒಮ್ಮೆ ಹೇಳಿದ್ದೇ ತಿಳಿಯಿತು. "ಹಾಂ, ಪರರ ಮನಿ ಕಟ್ಟಿ ಮ್ಯಾಲೆ ಕೂತು ಮಾತಾಡಿಸಿದಂಗ. ಬಾಗಲಾ ತಗದಽ ಇರತೈತಿ."

ಶಿಲ್ಪಾ ತನ್ನ ಪುಟ ತೆರೆದು ಕೊಟ್ಟಳು. ಅದರಲ್ಲಿ ಅವಳ ಫೋಟೋ ಇರಲಿಲ್ಲ, ಒಂದು ಗುಲಾಬಿ ಹೂವಿತ್ತು. ಹೀಗೆ ಅರವತ್ತು ದಾಟಿದ ಮಾವಶಿ ಗುಲಾಬಿ ಹೂವಿನ ವೇಷದಲ್ಲಿ ಮುಂಬಯಿಯ ಕಟ್ಟೆಕಟ್ಟೆಗೆ ಹೊರಟರು.

ಅವರು ಹೇಳುವುದು, ಶಿಲ್ಪಾ ಇಂಗ್ಲಿಷು ಹಿಂದಿ ಬೆರೆಸಿ ಬರೆಯುವುದು. ಚೀಟಿ ಇಷ್ಟೇ: 'ನಾನು ಹುಬ್ಬಳ್ಳಿ ಟ್ರಂಕ್ ಎಕ್ಸ್‌ಚೇಂಜಿನ ಮುದುಕಿ. ನಿಮ್ಮ ಊರಿನ ಎಕ್ಸ್‌ಚೇಂಜಿನಲ್ಲಿ ನನ್ನ ಗೆಳತಿ ಇದ್ದಳು. ಹೆಸರು ಗೊತ್ತಿಲ್ಲ, ಬಾಂಬೆ ಅಂತಿದ್ದೆ. ಸಂಜೆ ಲೋಕಲ್‌ನಲ್ಲಿ ಮನೆಗೆ ಹೋಗುವಳು. ಗೊತ್ತಿದ್ದವರು ತಿಳಿಸಿರಿ. ಅದಿರಲಿ, ನಿಮ್ಮವರೆಲ್ಲ ಮನೆ ಮುಟ್ಟಿದರೇನು? ಊಟ ಆಯಿತೇನು?' ಕೆಳಗೆ ಮಕಬೂಲನ ಅಂಗಡಿಯ ಫೋನ್ ನಂಬರು.

"ಕಡೀ ಮಾತು ಬ್ಯಾಡ ಅಜ್ಜಿ, ಉದ್ದ ಆಗತೈತಿ," ಎಂದಳು ಶಿಲ್ಪಾ.

"ಕಡೀ ಮಾತು ಬ್ಯಾಡಾದ್ರ ಮೊದಲಿಂದೂ ಬ್ಯಾಡ. ಕೆಟ್ಟ ದಿನಾ ಮಂದಿ ಮನಿಗೆ ಹೋಗಿ ಬರೇ ನನ್ನದಽ ಕೇಳಿ ಬರ್ಲೇನು?"

ಹಲವು ಪುಟಗಳಲ್ಲಿ ಮುಖ ಹೋಗಿ ಮೇಣದಬತ್ತಿಯ ಚಿತ್ರ ಬಂದಿತ್ತು. ಮಾವಶಿಗೆ ಅದು ಸರಿ ಕಾಣಲಿಲ್ಲ. "ದೀಪಾ ಹಚ್ಚಿಟ್ಟು ಎಲ್ಲಿಗೆ ಹೋದ್ರವಾ ಇವರು? ದೀಪಾ ಹಚ್ಚಿದ ಮ್ಯಾಲೆ ಮನ್ಯಾಗ ಒಬ್ಬರರ ಇರಬೇಕು. ಬರಿ: ದೀಪಾ ನೋಡಿದೆ, ನೀ ಎಲ್ಲಿದ್ದೀ?"

ಚೀಟಿ ಮುಗಿದ ಮೇಲೆ ಶಿಲ್ಪಾ ರೂಢಿಯಂತೆ 'ಬೈ' ಎಂದು ಹೊಡೆಯುವಳು. ಮಾವಶಿ ಅವಳ ಕೈ ಹಿಡಿಯುವರು. "ಹುಚ್ಚಿ, ಸತ್ತ ಮನಿಗೆ ಮಾತಾಡಿಸಾಕ ಹೋದಾಗ 'ಬರ್ತೇನಿ' ಅಂತಾರೇನು? ಹಂಗಽ ಎದ್ದು ಬರಬೇಕು. ಅಳಸು ಅದನ್ನ."

ಒಬ್ಬ ಹುಡುಗ ಗುಲಾಬಿ ಹೂವು ನೋಡಿದವನೇ ಚೀಟಿ ಓದದೆ ಕೂಡಲೇ ಉತ್ತರ ಬರೆದ: ನನ್ನ ಜೊತೆ ಫ್ರೆಂಡ್‌ಶಿಪ್ ಮಾಡ್ತೀರಾ? ಶಿಲ್ಪಾ ನಾಚಿ ಕೆಂಪಾದಳು. ಮಾವಶಿ ಹೇಳಿದರು: "ಮಾಡೂಣಂತ ಬರಿ. ಮೊದಲ ಹೇಳು, ನಿಮ್ಮವ್ವ ಮನಿ ಮುಟ್ಟಿದಳೇನು?" ಆಮೇಲೆ ಬಂತು: ಕೇಳಿಲ್ಲ, ಈಗ ಕೇಳ್ತೀನಿ. ಇನ್ನೂ ತುಸು ಹೊತ್ತಿಗೆ: ಮುಟ್ಟಿದ್ದಾಳೆ, ಒಳಗಿನ ಕೋಣೆಯಲ್ಲೇ ಇದ್ದಳು, ಅಳುತ್ತ ಕೂತಿದ್ದಳು, ಥ್ಯಾಂಕ್ಯೂ. ನಾವು ಮೂವರೂ ಪ್ಲೈವುಡ್ಡಿಗೆ ತಲೆ ಬಡಿಯುವ ಹಾಗೆ ನಕ್ಕೆವು.

ಎಲ್ಲ ಕಡೆ ನಗು ಇರಲಿಲ್ಲ. ಒಬ್ಬಾತ ಮಕಬೂಲನ ಜಾತಿಯವರನ್ನೆಲ್ಲ ಹಿಡಿದು ಪುಟದ ಮೇಲೆ ಪುಟ ಬೈಗುಳ ಸುರಿಯುತ್ತಿದ್ದ, ಅವನ ಹಿಂದೊಂದು ಗುಂಪು ಹೂಂಗುಟ್ಟುತ್ತಿತ್ತು. ಮಕಬೂಲ ನಮ್ಮ ಹಿಂದೆಯೇ ಚಹಾದ ಗ್ಲಾಸು ಹಿಡಿದು ನಿಂತಿದ್ದ. ಓದಿದ. ಗ್ಲಾಸು ಕೆಳಗಿಟ್ಟ.

"ಇಂವನ ಕಟ್ಟಿಗೂ ನಡಿ," ಅಂದರು ಮಾವಶಿ. "ಬರಿ: ತಮ್ಮಾ, ನಿಮ್ಮ ಮನ್ಯಾಗ ಯಾರಿಗೆ ಏನಾತಪಾ?"

ಅವನು ಬರೆದ: ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ, ನಾನು ಮುಂಬಯಿಯವನೇ ಅಲ್ಲ.

"ಹಂಗಾರ ಲೈನ್ ಬಿಡಪಾ," ಎಂದು ಬರೆಸಿದರು ಮಾವಶಿ. "ಆದವರು ಕಾಯಾಕತ್ತಾರ. ಅರ್ಜೆಂಟ್ ಐತಿ."

ಅವನು ಆಮೇಲೆ ಬರೆಯಲಿಲ್ಲ. ನಾಚಿದನೋ, ಬೇರೆ ಕಡೆ ಬಯ್ಯಲು ಹೋದನೋ, ದೇವರೇ ಬಲ್ಲ. ಮಕಬೂಲ ಮಾತ್ರ ಒಳಗೆ ಹೋಗಿ ಎಲ್ಲರಿಗೂ ಹೊಸದಾಗಿ ಚಹಾ ತಂದ. "ಮಾವಶಿ, ಇವತ್ತ ಕಂಪ್ಯೂಟರ್ ನಿಮ್ಮದು. ಎಷ್ಟು ಬೇಕಾದ್ರೂ ಎಕ್ಸ್‌ಟೆಂಡ್ ಮಾಡ್ರಿ," ಎಂದ.

ಮುಂಬಯಿಯಿಂದ ಬಾಂಬೆಯ ಸುಳಿವು ಬರದೆ ಹೋದಾಗ ಮಾವಶಿ ತಮ್ಮ ಹಳೆಯ ವಿದ್ಯೆ ತೆಗೆದರು. ಸೀದಾ ಲೈನು ಜಾಮ್ ಇದ್ದರೆ ಎಕ್ಸ್‌ಚೇಂಜಿನವರು ಸುಮ್ಮನೆ ಕೂಡುತ್ತಿರಲಿಲ್ಲ, ಬೇರೆ ಊರಿನ ಮೇಲಿಂದ ಸುತ್ತು ಹಾಕಿ ಜೋಡಿಸುತ್ತಿದ್ದರು. "ಪುಣೆ ಮ್ಯಾಲಿಂದ ಹೋಗು," ಎಂದರು ಶಿಲ್ಪಾಗೆ. ಪುಣೆಯವರಿಗೆಲ್ಲ ಚೀಟಿ ಹೋಯಿತು: ಮುಂಬಯಿಯಲ್ಲಿ ನಿಮ್ಮ ಬಳಗದವರು ಇದ್ದರೆ ಅವರಿಗೆ ಹೇಳಿ, ಅವರ ನೆರೆಮನೆಗೆ ಹೇಳಿಸಿ. ನಾಶಿಕದ ಮೇಲಿಂದಲೂ ಹೋದರು. ಒಂದು ಚೀಟಿ ಹೇಗೋ ನಮ್ಮ ಕಡೆಯವನೇ ಒಬ್ಬನಿಗೆ ಹೋಗಿ ಬಿತ್ತು. ಅವನು, 'ನಾ ಇಲ್ಲೇ ಮುಂದಿನ ಬಸ್ ಸ್ಟಾಪಿನಾಗ ಅದೇನ್ರಿ, ಊಟ ಆಗೇತ್ರಿ' ಎಂದು ಬರೆದ!

ಮರುದಿನ ಶಿಲ್ಪಾಳ ಪುಟ ತೆರೆದರೆ ಜಾತ್ರೆ. ಗೆಳತಿಯ ಸುದ್ದಿ ಯಾರಿಗೂ ಗೊತ್ತಿರಲಿಲ್ಲ, ಆದರೆ 'ಊಟ ಆಯಿತೇನು'ಗೆ ಎಲ್ಲರೂ ಉತ್ತರ ಬರೆದಿದ್ದರು. ಅಪ್ಪ ಹಳಿಯ ಮೇಲೆ ನಡೆದುಕೊಂಡು ಬಂದರು, ಗುರುತಿಲ್ಲದವರು ಬಿಸ್ಕಿಟು ನೀರು ಕೊಟ್ಟರಂತೆ. ಅಕ್ಕ ಬಂದಳು, ಇನ್ನೂ ಮಾತಾಡುತ್ತಿಲ್ಲ. ನನಗೆ ಊಟ ಸೇರಿರಲಿಲ್ಲ ಅಜ್ಜಿ, ನೀವು ಕೇಳಿದ ಮೇಲೆ ಅನ್ನ ಮೊಸರು ತಿಂದೆ. ಮಾವಶಿ ಒಂದೊಂದಕ್ಕೂ ಉತ್ತರ ಬರೆಸಿದರು. ಕಾಲೇಜಿನಲ್ಲಿ ಶಿಲ್ಪಾಳ ಗೆಳತಿಯರು 'ಏನ, ಮುಂಬಯಿ ತುಂಬ ನಿನಗ ಮೊಮ್ಮಕ್ಕಳಾಗ್ಯಾರಂತ?' ಎಂದು ಕಾಡಿಸಿ ಸಾಕು ಮಾಡಿದರು.

ಒಬ್ಬ ಹುಡುಗಿಯ ಚೀಟಿ ಮಾತ್ರ ಬೇರೆ ಇತ್ತು. 'ನಮ್ಮ ಕಾಕಾ ಬರಲಿಲ್ಲ.' ಅಷ್ಟೇ.

ಶಿಲ್ಪಾ ಏನು ಬರೆಯಲಿ ಎಂದು ತಿರುಗಿ ನೋಡಿದಳು. ಮಾವಶಿ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡು ಎಡಗಿವಿ ಮುಂದೆ ಮಾಡಿ ಕೂತರು, ಆ ಹುಡುಗಿ ಎದುರಿಗೇ ಕೂತು ಹೇಳುತ್ತಿದ್ದಾಳೆ ಎಂಬ ಹಾಗೆ. "ಬಂದಿದ್ದೆ, ಕೂತು ಹೋದೆ ಅಂತ ಬರಿ," ಎಂದರು. "ಮತ್ತೇನೂ ಬ್ಯಾಡ." ಅದಾದ ಮೇಲೆ ದಿನಾ ಆ ಪುಟಕ್ಕೆ ಅದೊಂದೇ ಚೀಟಿ: ಬಂದಿದ್ದೆ. ಕೂತು ಹೋದೆ.

ಅಷ್ಟರಲ್ಲಿ ಫೋನುಗಳು ಬರಲು ಹತ್ತಿದವು. ಲೈನು ತೆರವಾಗಿತ್ತು. ಸುತ್ತು ಹಾಕಿ ಹೋದ ಚೀಟಿಗಳು ಎಲ್ಲೆಲ್ಲಿ ಮುಟ್ಟಿದ್ದವೋ, ಮುಂಬಯಿಯ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಮಕಬೂಲನ ಅಂಗಡಿಗೆ ರಿಂಗು ಮಾಡಿ, "ಹಲೋ ಹುಬ್ಳಿ, ನಾನಽ ಬಾಂಬೆ" ಅನ್ನತೊಡಗಿದರು! ಮಕಬೂಲ ಅಂಗಡಿಯ ಬಾಗಿಲಿಗೆ ಬಂದು ಓಣಿ ತುಂಬ ಕೇಳುವ ಹಾಗೆ "ಮಾವಶೀ, ಬಾಂಬೆ ಬಂತು!" ಎಂದು ಕೂಗುವನು. ಮಾವಶಿ ಕೈಗೆ ಹತ್ತಿದ ಹಿಟ್ಟಿನ ಸಮೇತ ಓಡುವರು. ಅವರ ಹಿಂದೆ ನಾನು. ನನ್ನ ಹಿಂದೆ ಓಣಿ.

ಹಲ್ಲಿಯ ಸಂಗತಿಯನ್ನು ಮಾವಶಿ ಚೀಟಿಯಲ್ಲಿ ಬೇಕೆಂದೇ ಬರೆಸಿರಲಿಲ್ಲ. ಅದೇ ಪರೀಕ್ಷೆ.

"ಹಂಗಾರ ಹೇಳವಾ, ನಮ್ಮ ಬೋರ್ಡಿನ ಹಿಂದ ಏನಿತ್ತು?"

"ಧೂಳು," ಅಂದಳು ಒಬ್ಬಳು. "ಇಲಿ?" ಅಂದಳು ಇನ್ನೊಬ್ಬಳು. ಮತ್ತೊಬ್ಬಳು ಬಹಳ ಯೋಚಿಸಿ "ಸೂಪರ್‌ವೈಝರ್!" ಅಂದಳು. ಮಾವಶಿಗೆ ಆ ಉತ್ತರ ಎಷ್ಟು ಹಿಡಿಸಿತೆಂದರೆ, "ನೀ ನನ್ನ ಬಾಂಬೆ ಅಲ್ಲ, ಆದ್ರೂ ಇರು, ಮಾತಾಡೂಣು" ಎಂದು ಆಕೆಯನ್ನು ಬಿಡಲೇ ಇಲ್ಲ. ಅವರೆಲ್ಲ ಸುಳ್ಳು ಹೇಳುವವರೇನೂ ಅಲ್ಲ. ಒಬ್ಬೊಬ್ಬರಿಗೂ ಹೆಸರು ಗೊತ್ತಿಲ್ಲದ ಒಬ್ಬೊಬ್ಬ ಹುಬ್ಳಿ ಇದ್ದಳು. ಚೀಟಿ ಓದಿ, ಕೇಳುತ್ತಿರುವುದು ತಮ್ಮನ್ನೇ ಅಂದುಕೊಂಡಿದ್ದರು. ಮಾವಶಿ ಕೇಶ್ವಾಪುರದಲ್ಲಿದ್ದ ತಮ್ಮ ಜೊತೆಯ ಆಪರೇಟರುಗಳ ಮನೆಗಳಿಗೆ ಓಡಾಡಿ, ಯಾರ ಬಾಂಬೆಗೆ ಯಾರು ಹುಬ್ಳಿ ಎಂದು ಹುಡುಕಿ ಜೋಡಿಸಿ ಕೊಟ್ಟರು. ನಿವೃತ್ತಿಯಾದ ಮೇಲೆ ಅಷ್ಟು ಡ್ಯೂಟಿ ಅವರು ಎಂದೂ ಮಾಡಿರಲಿಲ್ಲ.

ಎಲ್ಲರ ಬಾಂಬೆ ಸಿಕ್ಕಳು. ಅವರದು ಸಿಗಲಿಲ್ಲ.

ಫೋನು ನಿಂತವು. ಮಾವಶಿ ಸಣ್ಣಗಾದರು. ಗೌಡರ ಮನೆಯಾಕೆ ಬಂದು ತನ್ನ ಸೊಸೆಯ ಪುರಾಣ ಒಂದು ತಾಸು ಹೇಳಿದರೂ ನಡುವೆ ಬಾಯಿ ಹಾಕಲಿಲ್ಲ. ಆಕೆಯೇ ಅಂಜಿ ನನ್ನ ಮನೆಗೆ ಬಂದು, "ಮಾವಶೀಗೆ ಆರಾಮಿಲ್ಲೇನ್ರಿ? ಮೂರು ಮಿನಿಟ್ ಅನ್ನಲೇ ಇಲ್ಲ!" ಎಂದಳು.

ಪಂಚಮಿಯ ಮುಂಚೆ ಒಂದು ಮಧ್ಯಾಹ್ನ ಮಾವಶಿ ನಮ್ಮ ಮನೆಯಲ್ಲಿ ತಂಬಿಟ್ಟಿಗೆ ಬೆಲ್ಲ ಹೆರೆಯುತ್ತಿದ್ದರು. ಮಕಬೂಲ ಈ ಸಲ ಕೂಗಲಿಲ್ಲ, ತಾನೇ ಓಡಿ ಬಂದ. "ಮಾವಶಿ, ಒಬ್ಬಾಕಿ ಫೋನ್ ಮಾಡ್ಯಾಳ. ನಾ ಬಾಂಬೆ ಅಂತ ಅನ್ನವಲ್ಲಳು. ಬರೇ ಬೈಯಾಕತ್ತಾಳ."

ಹೋದೆವು. ಮಾವಶಿ ರಿಸೀವರ್ ಎತ್ತಿ "ಹಲೋ" ಅಂದರು. ಮೂರು ಭಾಷೆ ಕಲಸಿ ಬೈಯುತ್ತಿದ್ದ ಆ ಕಡೆಯ ದನಿ ಪಕ್ಕದಲ್ಲಿ ನಿಂತ ನನಗೂ ಕೇಳಿಸುವಷ್ಟು ದೊಡ್ಡದಿತ್ತು.

"ಎಲ್ಲಿ ಹಾಳಾಗಿ ಹೋಗಿದ್ದೀ ಹುಬ್ಳಿ? ನಂಬರ್ ಬರಕೋ ಅಂತ ಹೇಳಾಕತ್ತಿದ್ದೆ, ವಾಯರ್ ಕಿತ್ತಿ! ನಿನ್ನ ಹಲ್ಲಿ ಸತ್ತತೋ ಐತೋ?"

ಮೂವತ್ತು ವರ್ಷ ಮಾತಿನಲ್ಲೇ ದುಡಿದ ಹೆಂಗಸು ಬೆಲ್ಲ ಹತ್ತಿದ ಕೈಯಿಂದ ರಿಸೀವರನ್ನು ಎಡಗಿವಿಗೆ ಒತ್ತಿಕೊಂಡರು. ಮಾತಿನ ಬದಲು ನಾಲಗೆಯಿಂದ ಅಂಗುಳಕ್ಕೆ ಬಡಿದು, ಲೊಚ ಲೊಚ ಲೊಚ, ಹಲ್ಲಿಯ ಹಾಗೆ ಸದ್ದು ಮಾಡಿದರು. ಆ ಕಡೆ ಒಂದು ನಗು ಎದ್ದಿತು ನೋಡಿ, ರಿಸೀವರ್ ಒಡೆದು ಹೊರಬಂದ ಹಾಗೆ! ಮಕಬೂಲ ನಗುತ್ತ ಅಳುತ್ತ, ಅವತ್ತು ಅಂಗಡಿಯಲ್ಲಿ ಕೂತ ಗಿರಾಕಿಗಳಿಗೆಲ್ಲ ಪುಕ್ಕಟೆ ಎಂದು ಸಾರಿಬಿಟ್ಟ.

ಬಾಂಬೆ ಆ ಸಂಜೆ ರೈಲಿನಲ್ಲಿ ಇರಲಿಲ್ಲ. ಅದಕ್ಕೂ ಮೊದಲೇ ಬಚ್ಚಲಲ್ಲಿ ಜಿರಳೆ ಕಂಡು ಜಾರಿಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. "ಬಾಂಬಿಗೆ ತಪ್ಪಿಸಿಕೊಂಡೆ, ಜಿರಳಿಗೆ ಸಿಕ್ಕೆ," ಎಂದಳಂತೆ. ಸೊಸೆ ಮಾತ್ರ ಆ ದಿನ ರೈಲಿನಲ್ಲಿದ್ದಳು, ಹಿಂದಿನ ಡಬ್ಬಿ. ಅವಳು ನಡೆದು ಬಂದು ಮುಟ್ಟುವ ತನಕ ಬಾಂಬೆ ಏಳಲಾರದ ಕಾಲು ಚಾಚಿಕೊಂಡು, ಸತ್ತ ಫೋನು ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ಕೂತಿದ್ದಳು. ನಮ್ಮ ಚೀಟಿ ಪುಣೆಯಿಂದ ಯಾರದೋ ಅಣ್ಣನಿಗೆ, ಅಲ್ಲಿಂದ ಸೊಸೆಯ ಆಫೀಸಿಗೆ ಬಂದು, ಸೊಸೆ ಮನೆಗೆ ಬಂದು ಓದಿ ಹೇಳಿದ್ದಳು. ಪುಣೆ ಮೇಲಿಂದ ಹೋದ ಲೈನೇ ಹತ್ತಿತ್ತು.

"ಈಗರ ಹೆಸರು ಕೇಳಿದ್ರಿಲ್ಲೋ?" ಎಂದ ಮಕಬೂಲ, ಫೋನ್ ಇಟ್ಟ ಮೇಲೆ.

"ಛೀ, ಸುಮ್ಮನಿರು! ಇಷ್ಟು ಆದ ಮ್ಯಾಲೆ ಹೆಸರು ಕೇಳಿದ್ರ ಆಕಿಗೆ ಏನನಸೂದಿಲ್ಲ?"

ಕೇಳಲೇ ಇಲ್ಲ. ಹೋಗಿ ನೋಡಲೂ ಇಲ್ಲ. "ಮಾರಿ ನೋಡಿದ್ರ ದನಿ ಬದಲಾದೀತವಾ," ಎನ್ನುವರು. ಭಾನುವಾರ ಮಧ್ಯಾಹ್ನ ಫೋನಿಗೆ ಕೂತರೆ, ಮೂರು ಮಿನಿಟಿಗೊಮ್ಮೆ ಒಮ್ಮೆ ಇವರು, ಒಮ್ಮೆ ಅವರು, ನಡುವೆ ಬಾಯಿ ಹಾಕಿ ಎಕ್ಸ್‌ಟೆಂಡ್ ಮಾಡುವರು. ಆ ನಂಬರು ಓಣಿಗೆಲ್ಲ ಬಾಯಿಪಾಠವಾಗಿತ್ತು. ಅವರಿಬ್ಬರೂ ಕೇಳದ ಹೆಸರನ್ನು ನಾನು ಇಲ್ಲಿ ಬರೆದರೆ ಚೆಂದವಲ್ಲ. ಅದಕ್ಕೇ ಬರೆದಿಲ್ಲ.

ಮಾವಶಿ ಹೋದ ಮರುದಿನ ಆ ನಂಬರಿಗೆ ಸುದ್ದಿ ಮುಟ್ಟಿಸುವ ಕೆಲಸ ನನಗೆ ಬಂತು. ಹೇಗೆ ಶುರು ಮಾಡುವುದು ಎಂದು ಸಾರಿಗೆ ಒಗ್ಗರಣೆ ಹಾಕುತ್ತ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಆ ಕಡೆ ಎತ್ತಿದ ಕೂಡಲೇ ಎಲ್ಲ ಮರೆತು, "ಹಲೋ ಬಾಂಬೆ, ಹುಬ್ಳಿಯಿಂದ ಮಾತಾಡಾಕತ್ತೇನ್ರಿ" ಅಂದುಬಿಟ್ಟೆ.

ದನಿಯನ್ನೇ ಓದಿ ಬದುಕಿದವರಿಗೆ ನಾನು ಬೇರೆ ಹೇಳುವುದೇನಿತ್ತು?

"ಹೇಳ್ರಿ," ಅಂದಿತು ದನಿ. "ಕೇಳಾಕತ್ತೇನಿ."

ಹೇಳಿದೆ. ಆಸ್ಪತ್ರೆಯಲ್ಲಿ ಡಾಕ್ಟರು, ಹೃದಯದ ನಾಳಗಳು ಕಟ್ಟಿಕೊಂಡಿವೆ ಎಂದು ವಿವರಿಸುತ್ತಿದ್ದಾಗ ಮಾವಶಿ ಕಣ್ಣು ತೆರೆದು, "ಲೈನ್ ಜಾಮ್ ಆಗೇತಿ ಅನ್ರಿ. ಪುಣೆ ಮ್ಯಾಲಿಂದ ನೋಡ್ರಲ್ಲ!" ಎಂದದ್ದನ್ನೂ ಹೇಳಿದೆ. ಬಾಂಬೆ ನಕ್ಕಳು. ನಾನೂ ನಕ್ಕೆ. ನಗು ಯಾವಾಗ ಬೇರೆಯಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಆಮೇಲೆ ಇಬ್ಬರೂ ಲೈನು ಹಿಡಿದುಕೊಂಡು ಸುಮ್ಮನೆ ಕೂತೆವು. ಇನ್ನು ಇಡಬೇಕೇನೋ, 'ಬರ್ತೇನಿ' ಅನ್ನುವಂತಿಲ್ಲವಲ್ಲ, ಹಾಗೇ ಇಟ್ಟುಬಿಡಲೇ ಎಂದು ನಾನು ಯೋಚಿಸುತ್ತಿದ್ದೆ.

"ಮೂರು ಮಿನಿಟ್ ಆತ್ರಿ," ಅಂದಳು ಬಾಂಬೆ, ಮೂಗಿನಿಂದ ಬರುವ ಆ ಸರ್ಕಾರಿ ದನಿಯಲ್ಲಿ, ಅಚ್ಚ ನಮ್ಮ ಓಣಿಯ ಕನ್ನಡದಲ್ಲಿ. "ಎಕ್ಸ್‌ಟೆಂಡ್ ಮಾಡ್ಲೇನ್ರಿ?"

ನಾನು ಒಳಗೆ ಹೋಗಿ ಗ್ಯಾಸ್ ಆರಿಸಿ ಬಂದು, ಕಾಲು ಚಾಚಿ ಕೂತೆ.

"ಮಾಡ್ರಿ," ಅಂದೆ.